ಮೂಗಯ್ಯನ ಕಣ್ಣೊಳಗಿದ್ದ ಸಾಕ್ಷಿ

ಡ್ರೈವರ್ ಮೂಗಯ್ಯ ಕುಡಿದು ಬಸ್ ಓಡಿಸಿ ಎತ್ತಿನ ಗಾಡಿಗೆ ಗುದ್ದಿದ ಎಂದು ಗುಂಡ್ಲುಪೇಟೆಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. 1957ರಲ್ಲಿ ನಾನು ಚಾಮರಾಜನಗರದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದೆ. ಆ ಕೇಸಿನ ಪ್ರತಿಯೊಂದು ಕಾಗದವೂ ನನ್ನ ಕೈ ದಾಟಿಯೇ ಹೋಯಿತು. ಆದ್ದರಿಂದ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಮೂಗಯ್ಯ ಹಂಗಳದ ಕೆಳಗೇರಿಯ ಕೂಲಿಯವರ ಮಗ. ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿ, ಬರ್ಮಾ ಗಡಿಯ ಕೆಸರಿನಲ್ಲಿ ಲಾರಿ ಓಡಿಸಲು ಕಲಿತ. ಊರಿಗೆ ಬಂದ ಮೇಲೆ ಗುಂಡ್ಲುಪೇಟೆಯ ಶಂಭುಲಿಂಗಪ್ಪನವರ ಬಸ್ಸಿಗೆ ಡ್ರೈವರಾದ. ಜಮೀನು, ಮಂಡಿ ಎರಡೂ ಇದ್ದ ದೊಡ್ಡ ಕುಳ ಅವರು. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ದಿನಕ್ಕೆ ಎರಡು ಸಲ ಹೋಗಿ ಬರುವ ಆ ಬಸ್ಸಿನ ಚಕ್ರಕ್ಕೆ ಎಂಟು ವರ್ಷ ಒಂದು ಕೋಳಿಯೂ ಸಿಕ್ಕಿರಲಿಲ್ಲ.

ಮೊದಲು ಗಮನಿಸಿದವಳು ಹೆಂಡತಿ ಸುಂದ್ರಮ್ಮ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಇಟ್ಟ ನೀರಿನ ಚೊಂಬನ್ನು ಅವನು ಕೈತಾಗಿಸಿ ಉರುಳಿಸುತ್ತಿದ್ದ. ಬಾಗಿಲಲ್ಲಿ ಹೋಗುವಾಗ ಭುಜ ಚೌಕಟ್ಟಿಗೆ ಬಡಿಯುತ್ತಿತ್ತು.

"ಎದ್ರುಗಿರದು ಕಾಣ್ತದ, ಪಕ್ಕದಲ್ಲಿರದು ಕಾಣಲ್ವಲ್ಲ ನಿಂಗೆ. ಓಗಿ ಯಜಮಾನ್ರಿಗೆ ಏಳು," ಎಂದಳು.

ಅವನು ಹೇಳಿದ. ಅದು 1954. ಶಂಭುಲಿಂಗಪ್ಪನವರು ಅವನನ್ನು ತಮ್ಮ ಪರಿಚಯದ ಡಾಕ್ಟರೊಬ್ಬರ ಬಳಿ ಕಳಿಸಿದರು. ಡಾಕ್ಟರು ಗೋಡೆಯ ಅಕ್ಷರದ ಹಲಗೆ ತೋರಿಸಿದರು. ಮೂಗಯ್ಯ ಅತಿ ಸಣ್ಣ ಸಾಲಿನವರೆಗೂ ತಡವರಿಸದೆ ಓದಿದ. ಟಾರ್ಚು ಹಾಕಿ ನೋಡಿದರು. ಪೊರೆ ಇಲ್ಲ, ಕೆಂಪಿಲ್ಲ. ದೃಷ್ಟಿಯಲ್ಲಿ ಯಾವ ದೋಷವೂ ಇಲ್ಲವೆಂದು ಬರೆದು ರುಜು ಹಾಕಿದರು. ಪಕ್ಕದಲ್ಲಿ ಕಾಣದು ಎಂದವನ ಪಕ್ಕಕ್ಕೆ ಒಂದು ಬೆರಳು ಹಿಡಿದು ನೋಡುವ ಶ್ರಮವನ್ನೂ ಅವರು ತೆಗೆದುಕೊಳ್ಳಲಿಲ್ಲ.

"ಕಣ್ಣು ಹದ್ದಿನಂಗದಂತೆ ಕಣ್ಲಾ. ಕೆಲ್ಸ ತಪ್ಸಕೆ ನಾಟ್ಕ ಆಡ್ತಿಯಾ?" ಎಂದರು ಯಜಮಾನರು.

ಮಾರನೆಯ ವರ್ಷ ಮೂಗಯ್ಯ ಮತ್ತೆ ಹೋಗಿ ನಿಂತ. "ಬುದ್ಧಿ, ನಂಗೆ ಡ್ರೈವರ್ ಕೆಲ್ಸ ಬ್ಯಾಡ. ಜನದ ಜೀವ ಅದು. ಕಂಡಕ್ಟ್ರು ಮಾಡ್ಬುಡಿ, ಲೆಕ್ಕ ಬತ್ತದೆ ನಂಗೆ."

ಯಜಮಾನರು ನಕ್ಕರಂತೆ. "ನೀನು ಟಿಕೆಟ್ ಅರ್ದು ಕೊಟ್ರೆ ನಮ್ಮೋರು ನಿನ್ ಕೈಯಿಂದ ಇಸ್ಕತಾರೇನ್ಲಾ?"

ನಲವತ್ತು ಜನರ ಪ್ರಾಣವನ್ನು ಆ ಕೈಗೆ ಒಪ್ಪಿಸಬಹುದು, ಒಂದು ಚೂರು ಕಾಗದವನ್ನು ಆ ಕೈಯಿಂದ ತೆಗೆದುಕೊಳ್ಳಬಾರದು. ಮೂರನೆಯ ಸಲ ಹೇಳಲು ಹೋದಾಗ ಅವರು ಜಗಲಿಯಿಂದಲೇ ಕೈಬೀಸಿ ಕಳಿಸಿಬಿಟ್ಟರು. ಬಿಟ್ಟು ಹೋಗೋಣವೆಂದರೆ, ಇನ್ನೂ ಗೇರು ಹಾಕಲು ಬಾರದ ಕ್ಲೀನರನ್ನೇ ಕೂರಿಸುತ್ತಾರೆಂಬ ಭಯ ಅವನಿಗೆ. ಬಸ್ಸಿನ ವೇಗ ಇಳಿಸಿದ. ಕತ್ತನ್ನು ಅತ್ತ ಇತ್ತ ತಿರುಗಿಸುತ್ತಲೇ ಓಡಿಸಿದ. ಹಿಂದೆ ಕೂತವರು ಅದನ್ನು ಅಣಕಿಸಿ ನಗುತ್ತಿದ್ದರು.

1957ರ ಜನವರಿಯಲ್ಲಿ ಒಂದು ಬೆಳಗ್ಗೆ, ತೆರಕಣಾಂಬಿ ದಾಟಿ ಒಂದು ಮೈಲಿ ಹೋಗಿದ್ದಾಗ ಎಡಗಡೆಯ ಹೊಲದ ದಾರಿಯಿಂದ ಚಿಕ್ಕಮಲ್ಲಪ್ಪ ಎಂಬ ರೈತನ ಗಾಡಿ ರಸ್ತೆಗೆ ಬಂತು. ಬಸ್ಸಿನಲ್ಲಿದ್ದವರಿಗೆಲ್ಲ ಕಂಡಿತು, ಮೂಗಯ್ಯನಿಗೆ ಕಾಣಲಿಲ್ಲ. ಒಂದು ಎತ್ತು ಸತ್ತಿತು. ಚಿಕ್ಕಮಲ್ಲಪ್ಪನ ತೊಡೆಯ ಮೂಳೆ ಮುರಿಯಿತು. ಮೂಗಯ್ಯ ಅವನನ್ನು ಎತ್ತಿಕೊಂಡು, ಹಿಂದಿನಿಂದ ಬಂದ ಲಾರಿಯಲ್ಲಿ ಮಲಗಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಸೇರಿಸಿದ. ಅವನು ಅಲ್ಲಿದ್ದಾಗಲೇ ಶಂಭುಲಿಂಗಪ್ಪನವರು ಪೊಲೀಸರಿಗೆ ಹೇಳಿಕೆ ಕೊಟ್ಟಾಗಿತ್ತು: ಡ್ರೈವರ್ ಕುಡಿದಿದ್ದ, ಕಣ್ಣು ಚೆನ್ನಾಗಿದೆ ಎಂಬುದಕ್ಕೆ ಸರ್ಟಿಫಿಕೇಟು ಇದೆ. ಬಾಯಿ ಮೂಸಿ ನೋಡಿದವರು ಯಾರೂ ಇಲ್ಲ.

ಜಾಮೀನಿನ ಮೇಲೆ ಬಂದ ಗಂಡನನ್ನು ಸುಂದ್ರಮ್ಮ ಸುಮ್ಮನೆ ಕೂರಲು ಬಿಡಲಿಲ್ಲ. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಕಣ್ಣಿನ ಡಾಕ್ಟರು ನೀಲಕಂಠಸ್ವಾಮಿ ಗುಂಡ್ಲುಪೇಟೆ ಕಡೆಯವರೇ. ಅವರು ಅಕ್ಷರದ ಹಲಗೆಯ ಹತ್ತಿರಕ್ಕೇ ಹೋಗಲಿಲ್ಲ. "ನನ್ನ ಮೂಗು ನೋಡ್ತಾ ಇರು," ಎಂದು ಹೇಳಿ, ತಮ್ಮ ಬೆರಳನ್ನು ಅವನ ಕಿವಿಯ ಕಡೆಯಿಂದ ಮೆಲ್ಲಗೆ ಮುಂದಕ್ಕೆ ತಂದರು. ಬೆರಳು ಮುಖದ ಎದುರಿಗೇ ಬರುವವರೆಗೂ ಅವನು "ಕಾಣ್ತದ" ಎನ್ನಲಿಲ್ಲ.

ಆಮೇಲೆ ಕೋಣೆ ಕತ್ತಲು ಮಾಡಿಸಿ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ಉಪಕರಣ ತೆಗೆದರು. ಅದರ ಪುಟ್ಟ ಬಲ್ಬಿನ ಬೆಳಕು ಪಾಪೆಯ ಮೂಲಕ ಕಣ್ಣಿನ ತಳಕ್ಕೆ ಬೀಳುತ್ತದೆ. ಅದರಲ್ಲಿರುವ ಸಣ್ಣ ತೂತಿನಲ್ಲಿ ಕಣ್ಣಿಟ್ಟರೆ ಆ ತಳ ಕಾಣುತ್ತದೆ. ಡಾಕ್ಟರು ಬಹಳ ಹೊತ್ತು ನೋಡಿ, ಬಣ್ಣದ ಪೆನ್ಸಿಲು ಹಿಡಿದು ಕೂತರು.

"ಹೊರದೇಶದಲ್ಲಿ ಇದರ ಫೋಟೋ ತೆಗೆಯುವ ಕ್ಯಾಮೆರಾ ಇದೆ. ನನ್ನ ಹತ್ರ ಇಲ್ಲ. ಅದಕ್ಕೇ ಬರೀತೀನಿ," ಎಂದರು. ಕಿತ್ತಳೆ ಬಣ್ಣದ ನೆಲ, ಅದರಲ್ಲಿ ಕವಲೊಡೆದ ಕೆಂಪು ರಕ್ತನಾಳಗಳು, ಮಧ್ಯೆ ಬಿಳಿಚಿದ ಒಂದು ಬಿಲ್ಲೆ. "ಇದು ಕಣ್ಣಿನಿಂದ ಮಿದುಳಿಗೆ ಹೋಗುವ ದೊಡ್ಡ ನರದ ಬುಡ. ಇದು ತಟ್ಟೆಯ ಹಾಗಿರಬೇಕು. ನಿನ್ನದು ಬಟ್ಟಲಿನ ಹಾಗೆ ಗುಳಿ ಬಿದ್ದಿದೆ. ಕಣ್ಣಿನೊಳಗಿನ ಒತ್ತಡ ವರ್ಷಗಟ್ಟಲೆ ಅದನ್ನು ತಿಂದಿದೆ. ಎದುರಿನ ನೋಟವನ್ನು ಇದು ಎಲ್ಲಕ್ಕಿಂತ ಕೊನೆಗೆ ತಿನ್ನುತ್ತೆ, ಅದಕ್ಕೇ ನೀನು ಅಕ್ಷರ ಓದಿದ್ದು."

"ಮೊದ್ಲೆ ಬಂದಿದ್ರೆ, ಸ್ವಾಮಿ?" ಎಂದು ಕೇಳಿದವಳು ಸುಂದ್ರಮ್ಮ.

"ಮೂರು ವರ್ಷದ ಹಿಂದೆ ಬಂದಿದ್ರೆ ಹನಿ ಔಷಧಿ ಹಾಕಿ ತಡೀಬಹುದಿತ್ತು ತಾಯಿ. ಹೋದದ್ದು ಬರಲ್ಲ. ಇರೋದನ್ನ ಉಳಿಸೋಣ."

"ಮೂರು ವರ್ಸದಿಂದ ನಾ ಏಳ್ತಾನೆ ಇದ್ದಿ," ಎಂದ ಮೂಗಯ್ಯ.

ಕೇಸು ನಮ್ಮ ಕೋರ್ಟಿಗೆ ಬಂತು. ಆ ಚಿತ್ರವನ್ನು ನೋಡಿ ಪೊಲೀಸರ ಕಡೆಯ ವಕೀಲರು, "ಸ್ವಾಮಿ, ಇದು ಫೋಟೋ ಅಲ್ಲ. ಬಣ್ಣದ ಪೆನ್ಸಿಲ್ಲಲ್ಲಿ ಯಾರು ಏನು ಬೇಕಾದರೂ ಬರೆಯಬಹುದು," ಎಂದರು. ಹಿಂದಿನ ಬೆಂಚಿನಲ್ಲಿ ಶಂಭುಲಿಂಗಪ್ಪನವರು ಮುಸಿಮುಸಿ ನಕ್ಕರು.

ಸಾಕ್ಷಿ ಹೇಳಲು ಬಂದಿದ್ದ ನೀಲಕಂಠಸ್ವಾಮಿಗಳು ಕೋಟಿನ ಜೇಬಿಗೆ ಕೈ ಹಾಕಿ ಉಪಕರಣವನ್ನು ಮೇಜಿನ ಮೇಲಿಟ್ಟರು. "ಹಾಗಾದರೆ ತಾವೇ ನೋಡಿ. ಮೊದಲು ಆರೋಗ್ಯವಂತರ ಕಣ್ಣು, ಆಮೇಲೆ ಇವನದು."

ಮ್ಯಾಜಿಸ್ಟ್ರೇಟರು ಕಿಟಕಿ ಮುಚ್ಚಿಸಿದರು. ಆರೋಗ್ಯವಂತ ಕಣ್ಣು ಎಂದು ಹತ್ತಿರದಲ್ಲಿ ಸಿಕ್ಕವನು ನಾನು. ನನ್ನ ಕೆನ್ನೆಗೆ ಅವರ ಉಸಿರು ತಾಗುತ್ತಿತ್ತು. ಎಲ್ಲಿ ನೋಡಬೇಕೆಂದು ಡಾಕ್ಟರು ಪಕ್ಕದಲ್ಲೇ ನಿಂತು ಹೇಳಿಕೊಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಮ್ಯಾಜಿಸ್ಟ್ರೇಟರು "ಹ್ಞಾಂ, ಬಿಲ್ಲೆ ಕಂಡಿತು," ಎಂದರು. ನಂತರ ಮೂಗಯ್ಯನನ್ನು ಕೂರಿಸಿದರು. ದಿನಾ ಹಾಕುವ ಹನಿ ಔಷಧಿಗೆ ಪಾಪೆ ಕಿರಿದಾಗುತ್ತದೆಂದು ಆ ಬೆಳಗ್ಗೆ ಅವನಿಗೆ ಅದನ್ನು ಹಾಕಿರಲಿಲ್ಲ. ಮ್ಯಾಜಿಸ್ಟ್ರೇಟರು ನೋಡಿದರು, ಎದ್ದು ಚಿತ್ರವನ್ನು ನೋಡಿದರು, ಮತ್ತೆ ಕಣ್ಣನ್ನು ನೋಡಿದರು. ಕಿಟಕಿ ತೆಗೆಸಿ, "ಇಂಥವನನ್ನು ಬಸ್ಸಿಗೆ ಕೂರಿಸಿದವರು ಯಾರು?" ಎಂದರು.

ಚಿಕ್ಕಮಲ್ಲಪ್ಪ ಊರುಗೋಲಿನ ಮೇಲೆ ಬಂದು, "ಇವ್ನ ಬಾಯಲ್ಲಿ ಎಂಡದ ವಾಸ್ನೆ ಇರ್ನಿಲ್ಲ ಸ್ವಾಮಿ. ನನ್ ತಲೆ ಇವ್ನ ತೊಡೆ ಮ್ಯಾಲೇ ಇತ್ತಲ್ಲ," ಎಂದು ಹೇಳಿಕೆ ಕೊಟ್ಟ.

ಮೂಗಯ್ಯ ಬಿಡುಗಡೆಯಾದ. ನ್ಯಾಯ ಸಿಕ್ಕಿತು ಎನ್ನುತ್ತಾರೆ. ಏನು ಸಿಕ್ಕಿತು? ಯಜಮಾನರ ಮೇಲೆ ಕೇಸು ಆಗಲಿಲ್ಲ. ಸರ್ಟಿಫಿಕೇಟು ಬರೆದ ಡಾಕ್ಟರನ್ನು ಯಾರೂ ಏಕೆಂದು ಕೇಳಲಿಲ್ಲ. ಹೊಸ ಡ್ರೈವರು ಬಂದ. ಅವನೂ ಅದೇ ಹಲಗೆ ಓದಿ, ಅದೇ ರುಜು ಪಡೆದು ಬಂದ. ಮೂಗಯ್ಯನ ಬಲಗಣ್ಣು ಎರಡು ವರ್ಷದಲ್ಲಿ ಪೂರ್ತಿ ಹೋಯಿತು. ಎಡಗಣ್ಣಿಗೆ ಮೈಸೂರಿನಲ್ಲಿ ಆಪರೇಷನ್ ಆಗಿ, ಅಷ್ಟಿಷ್ಟು ನೋಟ ಉಳಿಯಿತು. ಲೈಸೆನ್ಸನ್ನು ಅವನೇ ಹೋಗಿ ಒಪ್ಪಿಸಿ ಬಂದ.

ಆಮೇಲೆ ಅವನು ನನ್ನಲ್ಲಿಗೆ ಬರತೊಡಗಿದ. ಡ್ರೈವರುಗಳಿಗೆ ಪಕ್ಕದ ನೋಟ ಪರೀಕ್ಷಿಸಬೇಕು, ಅನುಮಾನ ಬಂದರೆ ಕಣ್ಣಿನ ತಳ ನೋಡಿಸಬೇಕು ಎಂದು ಸರ್ಕಾರಕ್ಕೆ ಅರ್ಜಿ. ಮೂರು ಬರೆದುಕೊಟ್ಟೆ. ಪರಿಶೀಲಿಸಲಾಗುವುದು ಎಂಬ ಒಂದೇ ಸಾಲು ಮೂರು ಸಲ ಬಂತು. ನಾಲ್ಕನೆಯದನ್ನು ರೂಢಿಯಂತೆ "ವಿನಮ್ರ ಪ್ರಾರ್ಥನೆ" ಎಂದು ಶುರುಮಾಡಿ ಓದಿ ಹೇಳಿದೆ.

"ಅದ ಒಡ್ದಾಕಿ ಗುಮಾಸ್ತ್ರೆ," ಎಂದ. "ಬೇಡ್ಕಳದು ಏನದ ಇದರಲ್ಲಿ?"

ಆ ಸಾಲನ್ನು ಹೊಡೆದು ಹಾಕಿ, ಹೊಸ ಹಾಳೆಯಲ್ಲಿ ನೇರವಾಗಿ ವಿಷಯದಿಂದಲೇ ಬರೆದೆ. ಅವನು ಕಾಗದವನ್ನು ಮುಖದ ಎದುರಿಗೆ ಹಿಡಿದು, ಒಂದೊಂದೇ ಪದ ಹುಡುಕಿ ಓದಿ, ರುಜು ಹಾಕಿದ.