ಅಮೀರುನ್ನೀಸಾ ಹಿಡಿದ ಅಪರಾಧಿ

ನರಸಿಂಹರಾಜಪುರದ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿರುವ ಅಮೀರುನ್ನೀಸಾ ಅವರಿಗೆ ಡಾಕ್ಟರುಗಳೆಂದರೆ ಆಗುತ್ತಿರಲಿಲ್ಲ. ಜ್ವರ ಬಂದರೆ ಕಷಾಯ ಕುಡಿದು ಮಲಗುತ್ತಿದ್ದರೇ ಹೊರತು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದಕ್ಕೆ ಕಾರಣ ಒಂದು ಸಿನಿಮಾ.

ಅವರು ಚೊಚ್ಚಲ ಬಸುರಿಯಾಗಿದ್ದಾಗ ಊರಿಗೆ ಟೆಂಟ್ ಸಿನಿಮಾ ಬಂದಿತ್ತು. ಇಂಗ್ಲಿಷಿನ ಯಾವುದೋ ಹಳೆಯ ಪತ್ತೇದಾರಿ ಕಥೆಯನ್ನು ಕನ್ನಡಕ್ಕೆ ಇಳಿಸಿ ತೆಗೆದ ಕಪ್ಪು ಬಿಳುಪು ಚಿತ್ರ. ಎಸ್ಟೇಟ್ ಬಂಗಲೆಯಲ್ಲಿ ಸಾಹುಕಾರನ ಕೊಲೆಯಾಗುತ್ತದೆ. ಕೋಟು ತೊಟ್ಟ ಪತ್ತೇದಾರ ಮನೆಮಂದಿಯನ್ನೆಲ್ಲ ಕೂರಿಸಿ, "ಕೊಂದವರು ಈ ಕೋಣೆಯಲ್ಲೇ ಇದ್ದಾರೆ" ಎಂದು ಬೆರಳೆತ್ತುತ್ತಾನೆ. ಸರಿಯಾಗಿ ಆಗಲೇ ಅಮೀರುನ್ನೀಸಾರಿಗೆ ನೋವು ಶುರುವಾಯಿತು.

"ಏಳೇ, ಹೋಗೋಣ," ಎಂದರು ಗಂಡ ಅಬ್ದುಲ್ ಅಜೀಜ್.

"ಸ್ವಲ್ಪ ತಡೀರಿ. ಯಾರನ್ನ ತೋರಿಸ್ತಾನೆ ನೋಡ್ತೀನಿ."

ಹೊಟ್ಟೆಯೊಳಗಿದ್ದವನಿಗೆ ಪತ್ತೇದಾರಿಯಲ್ಲಿ ಆಸಕ್ತಿಯಿರಲಿಲ್ಲ. ಅಜೀಜ್ ಹೆಂಡತಿಯನ್ನು ಟೆಂಟಿನ ಹಿಂದಿನ ಓಣಿಯಲ್ಲಿದ್ದ ಸೂಲಗಿತ್ತಿ ಶಂಕರಮ್ಮನ ಮನೆಗೆ ಸೇರಿಸಿ, ಅತ್ತೆಯನ್ನು ಕರೆತರುತ್ತೇನೆಂದು ಓಡಿದರು. ಮಗ ಜಾಹಿದ್ ಹುಟ್ಟಿ, ಅತ್ತು ಸುಮ್ಮನಾದ ಮೇಲೆ, ಅತ್ತೆ ಸಿಗಲಿಲ್ಲವೆಂದು ಒಬ್ಬರೇ ಬಂದರು. ಟೆಂಟಿನವರು ಮರುದಿನವೇ ಚಿತ್ರ ಬದಲಾಯಿಸಿದರು.

ಕೊನೆ ನೋಡಲಾಗದ ಅಮೀರುನ್ನೀಸಾ ತಾವೇ ತೀರ್ಪು ಕೊಟ್ಟರು: ಕೊಂದವನು ಆ ಮನೆಯ ಡಾಕ್ಟರು. ಹೆಣದ ಪಕ್ಕ ನಿಂತು ಕಾಫಿ ಕುಡಿದನಲ್ಲ, ಅಷ್ಟು ಸಾಲದೆ? ಬಳೆ ತೊಡಿಸಿಕೊಳ್ಳಲು ಕೈ ಕೊಟ್ಟ ಹೆಂಗಸರು ಕೈ ಬಿಡಿಸಿಕೊಳ್ಳಲಾಗದೆ ಈ ಕಥೆ ಕೇಳುತ್ತಿದ್ದರು. ಕಥೆ ಶುರುವಾದೊಡನೆ ಅಜೀಜ್ ಮಾತ್ರ ನಮಾಜಿಗೆ ಹೊತ್ತಾಯಿತೆಂದು ಏಳುತ್ತಿದ್ದರು. ಪೇಟೆಯಲ್ಲಿ ಅವರಷ್ಟು ದೈವಭಕ್ತರಿಲ್ಲ ಎಂಬ ಹೆಸರು ಬಂದದ್ದು ಹೀಗೆ.

ಕಳೆದ ವರ್ಷ ಕೊಪ್ಪದ ಸಿನಿಮಾ ಕೂಟವೊಂದು ಅದೇ ಚಿತ್ರ ತೋರಿಸುತ್ತದೆಂದು ಜಾಹಿದ್ ಸುದ್ದಿ ತಂದ. ಈಗ ಅವನ ಗಡ್ಡವೇ ನರೆತಿದೆ. ಸುದ್ದಿ ಕೇಳಿದ ಅಜೀಜರಿಗೆ ಇದ್ದಕ್ಕಿದ್ದಂತೆ ಮಂಡಿನೋವು ಬಂತು. ಅಮೀರುನ್ನೀಸಾ ಬಿಡಲಿಲ್ಲ, ಬಸ್ಸು ಹತ್ತಿಸಿ ಕರೆದೊಯ್ದು ಪಕ್ಕದಲ್ಲೇ ಕೂರಿಸಿಕೊಂಡರು.

ಪರದೆಯ ಮೇಲೆ ಪತ್ತೇದಾರ ಬೆರಳೆತ್ತಿ, ಅರ್ಧ ಗಂಟೆ ಒಬ್ಬೊಬ್ಬರ ಗುಟ್ಟನ್ನೇ ಬಿಚ್ಚುತ್ತ ಹೋದ. ಕೊನೆಗೆ ಬೆರಳು ಡಾಕ್ಟರನ್ನು ದಾಟಿ, ಮೂಲೆಯಲ್ಲಿದ್ದ ಅಡುಗೆಯವಳತ್ತ ತಿರುಗಿ ನಿಂತಿತು. ಅವಳು ಬಾಯಿ ತೆರೆಯುವ ಮೊದಲೇ ಅಜೀಜರ ಬಾಯಿಂದ ಮಾತು ಜಾರಿತು: "ಹೌದು, ನಾನೇ ಕೊಂದೆ!" ಮರುಗಳಿಗೆಯಲ್ಲಿ ಅವಳೂ ಅದನ್ನೇ ಹೇಳಿದಳು.

ಅಮೀರುನ್ನೀಸಾ ನಿಧಾನವಾಗಿ ತಿರುಗಿದರು. "ನಿಮಗೆ ಹೇಗೆ ಗೊತ್ತು?"

"ಊಹೆ ಮಾರಾಯ್ತಿ."

"ಊಹೆಯಲ್ಲಿ ಡೈಲಾಗೂ ಬರುತ್ತಾ? ಅವತ್ತು ಅಮ್ಮನ್ನ ಕರ್ಕೊಂಡ್ ಬರ್ತೀನಿ ಅಂತ ಎಲ್ಲಿಗೆ ಹೋಗಿದ್ರಿ?"

ಚಿತ್ರ ಮುಗಿದು ದೀಪ ಹತ್ತಿದರೂ ಜನ ಏಳಲಿಲ್ಲ. ಅಜೀಜ್ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಶಂಕರಮ್ಮ ಒಳಗೆ ಬಿಡಲಿಲ್ಲ. ಹೊರಗೆ ನಿಂತು ಎಂತ ಮಾಡೋದು? ಟಿಕೆಟ್ ಬೇರೆ ಜೇಬಲ್ಲಿತ್ತು..."

"ಬಿಟ್ಟು ಹೋಗಿದ್ದಕ್ಕಲ್ಲ ರೀ ನಂಗೆ ಸಿಟ್ಟು. ನೋಡಿ ಬಂದು ಹೇಳ್ಲಿಲ್ವಲ್ಲ! ಇಷ್ಟು ವರ್ಷ ಆ ಪಾಪದ ಡಾಕ್ಟರನ್ನ ಬೈಕೊಂಡು ಬಂದೆ."

"ಹೇಳಿದ್ರೆ, ನಾನು ನೋಡಿದ್ದು ಗೊತ್ತಾಗ್ತಿತ್ತಲ್ಲೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಮೀರುನ್ನೀಸಾರಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಗುತ್ತಲೇ ಗಂಡನ ತೋಳಿಗೊಂದು ಬಲವಾಗಿಯೇ ಗುದ್ದಿದರು.

ಕೂಟದವರು ಈಗ ತಿಂಗಳಿಗೊಂದು ಚಿತ್ರ ತೋರಿಸುತ್ತಾರೆ. ದಂಪತಿ ತಪ್ಪದೆ ಹೋಗುತ್ತಾರೆ. ಅಜೀಜರ ಜಾಗ ಗೋಡೆಯ ಕಡೆ; ಹೊರಗೆ ಹೋಗಬೇಕಿದ್ದರೆ ಹೆಂಡತಿಯ ಮೊಣಕಾಲು ದಾಟಿಯೇ ಹೋಗಬೇಕು.