ದಪ್ಪಜ್ಜಿಯ ತೂಕ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ತೂಕದಕ್ಕ ಎಂದೇ ಕರೆಯುತ್ತಿದ್ದರು. ಅರವತ್ತು ಬಸವನಹುಳುಗಳನ್ನು ದಿನಾ ಬೆಳಿಗ್ಗೆ ತೂಗಿ, ಚಿಪ್ಪಿನ ಮೇಲಿನ ನಂಬರು ನೋಡಿ, ಆನ್‌ಲೈನ್ ಪಟ್ಟಿಯಲ್ಲಿ ತುಂಬುವುದು ಅವಳ ಕೆಲಸ. ಅದೇ ಪಟ್ಟಿಯನ್ನು ಬೇರೆ ಬೇರೆ ಊರುಗಳ ನಾಲ್ವರು ಸಂಶೋಧಕರೂ ತೆರೆದಿಟ್ಟುಕೊಂಡಿರುತ್ತಿದ್ದರು. ಅವರ ಮುಖ ಅವಳು ಕಂಡಿರಲಿಲ್ಲ. ಪರದೆಯ ಮೇಲೆ ಒಬ್ಬೊಬ್ಬರದೂ ಒಂದೊಂದು ಬಣ್ಣದ ಚೌಕ, ಅಷ್ಟೇ. ಹಸಿರು ಚೌಕವಂತೂ ಅವಳು ಬರೆದ ಅಂಕಿಯ ಬೆನ್ನಿಗೇ ಬಂದು ನಿಲ್ಲುತ್ತಿತ್ತು. ಇದು ಗಂಡಸೋ ಹೆಂಗಸೋ, ತಿಂಡಿ ತಿಂದು ಬಂದಿದೆಯೋ ಇಲ್ಲವೋ? ಪಕ್ಕದ ಮನೆಯ ಬಾಗಿಲು ಎಷ್ಟು ಸಲ ಸದ್ದಾಯಿತೆಂದು ಹೇಳಬಲ್ಲ ಹೆಂಗಸಿಗೆ ಇದು ತಿಳಿಯದೆ ನೆಮ್ಮದಿಯಿರಲಿಲ್ಲ.

ಒಂದು ಬುಧವಾರ ಪ್ರೊಫೆಸರು ಕೆಂಡವಾಗಿ ಬಂದರು.

"ಏನಕ್ಕಾ ಇದು? ಫೋಟೋದಲ್ಲಿ ದೊಡ್ಡದಾಗಿರೋ ಹುಳ ಪಟ್ಟೀಲಿ ಪುಟಾಣಿ! ಬೇರೆ ಊರಿನವರು ನಮ್ಮ ಹನ್ನೊಂದು ತಿಂಗಳ ಲೆಕ್ಕಾನೇ ಬೇಡ ಅಂತಿದ್ದಾರೆ. ಇವತ್ತಿನ ಮೀಟಿಂಗಲ್ಲೇ ತೀರ್ಮಾನ."

ಅವಳು ಪಟ್ಟಿ ನೋಡಿದಳು. ನಲವತ್ತೊಂದನೇ ನಂಬರಿಗೆ ಎರಡು ಗ್ರಾಂ! ಅದು ದಪ್ಪಜ್ಜಿ, ಇಡೀ ಲ್ಯಾಬಿನಲ್ಲೇ ಭಾರದ ಹುಳು. ಹನ್ನೊಂದು ತಿಂಗಳ ದುಡಿಮೆ ನೀರುಪಾಲಾಗಲು ಅವಳು ಬಿಡುವವಳಲ್ಲ.

ಮೀಟಿಂಗ್ ಶುರುವಾಗಿ ಪ್ರೊಫೆಸರು ಕ್ಯಾಮೆರಾದ ಮುಂದೆ "ನಮ್ಮ ಕಡೆಯಿಂದ ತಪ್ಪಾಗಿದೆ" ಎನ್ನುವಷ್ಟರಲ್ಲಿ, ಅವಳು ತಕ್ಕಡಿ ತಂದು ಮೇಜಿನ ಮೇಲಿಟ್ಟು, ಅದರ ಮೇಲೆ ದಪ್ಪಜ್ಜಿಯನ್ನು ಕೂರಿಸಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಹದಿನೆಂಟು ಗ್ರಾಂ, ನೀವೇ ನೋಡಿ. ಇವಳಿಗೆ ಎರಡು ಅಂತ ನಾನು ಯಾವತ್ತೂ ಬರೆದಿಲ್ಲ."

ಪರದೆಯಲ್ಲಿ ಕೆದರಿದ ಕೂದಲಿನ ಹುಡುಗಿಯೊಬ್ಬಳು ಮುಂದಕ್ಕೆ ಬಾಗಿದಳು. "ತಡೀರಿ ಅಕ್ಕಾ. ಪಟ್ಟಿಯ ಹಳೇ ಪ್ರತಿಗಳು ಉಳ್ಕೊಂಡಿರ್ತವೆ, ಯಾರು ಏನು ಮಾಡಿದ್ರು ಅಂತಾನೂ ಇರತ್ತೆ."

ಸೋಮವಾರದ ಪ್ರತಿ ಸರಿಯಾಗಿತ್ತು. ನಂಬರುಗಳು ಪೆಟ್ಟಿಗೆಗಳನ್ನು ಇಟ್ಟ ಕ್ರಮದಲ್ಲಿದ್ದವು. ಮಂಗಳವಾರ ಯಾರೋ ನಂಬರಿನ ಕಾಲಂ ಒಂದನ್ನೇ ಒಂದರಿಂದ ಅರವತ್ತರವರೆಗೆ ಸಾಲಾಗಿ ಜೋಡಿಸಿದ್ದರು. ತೂಕಗಳು ಇದ್ದಲ್ಲೇ ಉಳಿದು ಕಂಡಕಂಡ ಹುಳುಗಳ ಪಾಲಾಗಿದ್ದವು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವ ತನಕ ಯಾರೂ ಕಾಯಬೇಕಾಗಲಿಲ್ಲ. ಹೆಸರು ಅಲ್ಲೇ ಇತ್ತು.

"ಪಟ್ಟಿ ನೀಟಾಗಿರ್ಲಿ ಅಂತ..." ಎಂದರು ಪ್ರೊಫೆಸರು. "ನಂದೇ ತಪ್ಪು ಅಕ್ಕಾ."

ಹುಡುಗಿ ಹಳೆಯ ಪ್ರತಿಯನ್ನೇ ಮತ್ತೆ ತಂದಿಟ್ಟಳು. ಅವಳ ಹೆಸರಿನ ಪಕ್ಕದ ಹಸಿರು ಚೌಕ ಆಗ ತೂಕದಕ್ಕನ ಕಣ್ಣಿಗೆ ಬಿತ್ತು.

"ನೀನೇನಾ ಅದು? ದಿನಾ ನನ್ನ ಹಿಂದೇನೇ ಬರ್ತೀಯಲ್ಲ, ತಪ್ಪು ಹುಡುಕೋಕಾ?"

"ಅಯ್ಯೋ, ಇಲ್ಲಕ್ಕಾ. ಇಲ್ಲಿ ಲ್ಯಾಬಲ್ಲಿ ನಾನೊಬ್ಬಳೇ. ನೀವು ಬಂದ್ರಿ ಅಂತ ಗೊತ್ತಾದ್ಮೇಲೇ ನಂಗೆ ಕೆಲಸ ಶುರು ಮಾಡೋ ಮನಸ್ಸಾಗೋದು."

ತೂಕದಕ್ಕ ಪರದೆಯ ಹತ್ತಿರಕ್ಕೆ ಮುಖ ತಂದಳು. "ತಿಂಡಿ ಆಯ್ತಾ?" ಎಂದು ಕೇಳಿದಳು.