ಖಾಲಿ ಗೂಡಿನ ಡ್ರೈವ್

ನಮ್ಮ ಟೇಪು ವಿಭಾಗದ ಮೇಡಂ ಅವರ ಎಡಗಿವಿ ಬೆಳಗ್ಗೆ ಬೆಳಗ್ಗೆಯೇ ಕೆಂಪಾಗಿರುತ್ತಿತ್ತು. ದೇವನಹಳ್ಳಿಯ ಆಚೆ ನಮ್ಮ ಡೇಟಾ ಸೆಂಟರಿನಲ್ಲಿ ಹಳೆಯ ದಾಖಲೆಗಳ ಟೇಪುಗಳನ್ನಿಡುವ, ಗಾಜಿನ ಕಿಟಕಿಯ ಉಕ್ಕಿನ ಕೋಣೆಯೊಂದಿದೆ. ಒಳಗೆ ಮನುಷ್ಯರಿಲ್ಲ, ಒಂದು ಯಂತ್ರದ ಕೈ ಓಡಾಡುತ್ತಾ, ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಕೇಳಿದ ಟೇಪನ್ನು ತಂದು, ಅದನ್ನು ಓದುವ ಡ್ರೈವಿಗೆ ಹಾಕುತ್ತದೆ. ಆ ಕೋಣೆಯ ತಣ್ಣನೆಯ ಗೋಡೆಗೆ ಕಿವಿಯೊತ್ತಿ ನಿಲ್ಲದೆ ಅವರು ದಿನದ ಕೆಲಸ ಶುರು ಮಾಡುತ್ತಿರಲಿಲ್ಲ. "ಏನ್ ಡಾಕ್ಟರಮ್ಮ, ಕೆಮ್ಮು ಇದೆಯಾ?" ಎಂದು ನಾನು ರೇಗಿಸಿದರೆ, "ಸುಮ್ನಿರೇ" ಎನ್ನುತ್ತಿದ್ದರು.

ಆವತಿಯ ಕಡೆ ರಾಗಿ ಬೆಳೆಯುವ ಮನೆಯವರು. ಡಬ್ಬಿಯಲ್ಲಿ ಹುರುಳಿಕಾಳಿನ ಪಲ್ಯವನ್ನು ನನಗೂ ಸೇರಿಸಿ ತರುತ್ತಿದ್ದರು. ಕೆಲಸ ಕಲಿಸಿದವರೂ ಅವರೇ. ಹೊಸ ಡ್ರೈವ್ ಬಂದರೆ ಅದು ಯಾವ ಮಾದರಿ ಎಂದು ತಂತ್ರಾಂಶಕ್ಕೆ ನಾವೇ ಹೇಳಿಕೊಡಬೇಕು. ತಪ್ಪು ಮಾದರಿ ಬರೆದರೆ ಟೇಪು ಅದನ್ನು ಓದಲಾಗದ ಡ್ರೈವಿಗೆ ಹೋಗಿಬಿಡುತ್ತದೆ. "ಇದಕ್ಕೆ ಕಣ್ಣಿಲ್ಲ ಕಣಮ್ಮ," ಎಂದಿದ್ದರು ಮೊದಲ ದಿನವೇ. "ನಾವು ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ."

ಹಳೆಯ ಮಾದರಿಯ ಕೊನೆಯ ಡ್ರೈವ್ ಕೆಟ್ಟಾಗ ಕಂಪನಿಯವರು ರಿಪೇರಿಗೆಂದು ಬಿಚ್ಚಿ ಒಯ್ದರು. ಅದು ವಾಪಸ್ ಬರಲೇ ಇಲ್ಲ. ಅದಿದ್ದ ಗೂಡು ಕಪ್ಪಗೆ ಉಳಿಯಿತು. ಮೇಡಂ ಮಾತ್ರ ಆ ಮಾದರಿಯನ್ನು ತಂತ್ರಾಂಶದಿಂದ ಅಳಿಸಲಿಲ್ಲ. ಹೀಗಾಗಿ ಪ್ರತಿ ಬೆಳಗ್ಗೆ ಯಂತ್ರದ ಕೈ ಎಲ್ಲ ಡ್ರೈವ್‌ಗಳನ್ನು ನೋಡಿಕೊಂಡು ಬರುವಾಗ ಖಾಲಿ ಗೂಡಿನ ಮುಂದೆಯೂ ನಿಲ್ಲುತ್ತಿತ್ತು. ಬೇರೆ ಕಡೆಗಿಂತ ತುಸು ಹೆಚ್ಚೇ ಹೊತ್ತು. ಗಾಜಿನಾಚೆ ಅದು ಹಾಗೆ ನಿಂತದ್ದನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

"ಅದನ್ನ ತೆಗೆದುಬಿಡಿ ಮೇಡಂ, ನಂಗೆ ಭಯ ಆಗುತ್ತೆ," ಎಂದೆ ಒಮ್ಮೆ.

ಅವರು ಗೋಡೆಯಿಂದ ಕಿವಿ ತೆಗೆಯಲಿಲ್ಲ. "ಮಾದರಿ ಅಳಿಸಿದ್ರೆ, ಅದರ ಟೇಪುಗಳನ್ನ ಓದೋರಿಲ್ಲ ಅಂತ ಸಿಸ್ಟಮ್ ಅವನ್ನ ಖಾಲಿ ಟೇಪಿನ ಜೊತೆ ಸೇರಿಸ್ಬಿಡುತ್ತೆ. ಮೇಲೆ ಬೇರೆ ಏನೋ ಬರೆದ್ಬಿಡ್ತಾರೆ. ಅದ್ರಲ್ಲಿ ಒಂದು ಆಸ್ಪತ್ರೆಯ ಹಳೇ ದಾಖಲೆ ಇದೆ ಕಣೆ. ನನ್ನ ಮಗ ಅಲ್ಲೇ ಹುಟ್ಟಿದ್ದು. ಒಂದೇ ದಿನ ಇದ್ದ. ಹೆಸರೂ ಇಡ್ಲಿಲ್ಲ, ಫೋಟೋನೂ ಇಲ್ಲ. ಅವನು ಹುಟ್ಟಿದ್ದ ಅನ್ನೋದು ಅಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ."

ನನಗೆ ಅಳು ಬಂತು. ಅವರು ಅಳಲಿಲ್ಲ, ಕೇಳಿಸಿಕೊಳ್ಳುತ್ತಲೇ ಇದ್ದರು.

ಹೋದ ಬೇಸಿಗೆಯಲ್ಲಿ ಜ್ವರವೆಂದು ಮಲಗಿದ ಮೇಡಂ ಏಳಲಿಲ್ಲ. ಮಣ್ಣು ಮಾಡಿ ಬಂದ ಮಾರನೆಯ ದಿನ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದರು. "ಇಲ್ದೇ ಇರೋ ಡ್ರೈವ್ ಯಾಕ್ರೀ ಸಿಸ್ಟಮ್‌ನಲ್ಲಿದೆ? ಇವತ್ತೇ ತೆಗೆದ್ಹಾಕಿ."

ಅಳಿಸುವ ಆಜ್ಞೆಯನ್ನು ಟೈಪ್ ಮಾಡಿದೆ. ಎಂಟರ್ ಒತ್ತಲು ಕೈ ಬರಲಿಲ್ಲ. ಗಾಜಿನಾಚೆ ಯಂತ್ರದ ಕೈ ಖಾಲಿ ಗೂಡಿನ ಮುಂದೆ ನಿಂತಿತ್ತು. ಈ ಸಲ ಮುಂದಕ್ಕೆ ಸರಿಯಲೇ ಇಲ್ಲ. ಎದ್ದು ಹೋಗಿ ಗೋಡೆಗೆ ಕಿವಿಯೊತ್ತಿದೆ. ದೆವ್ವ ಭೂತ ನಂಬುವವಳಲ್ಲ ನಾನು. ಆದರೂ ಆ ಗೂಡಿನಿಂದ ಟೇಪು ಸುತ್ತುವ ಸದ್ದು ಬರುತ್ತಿತ್ತು, ಮೆಲ್ಲಗೆ, ಯಾರೋ ತೊಟ್ಟಿಲು ತೂಗಿದ ಹಾಗೆ.

ಹಿಂದಿನಿಂದ ಮ್ಯಾನೇಜರ್ ಕೇಳಿದರು, "ಏನ್ರೀ, ತೆಗೆದ್ರಾ?"

"ಅದು ಇದೆ ಸರ್," ಎಂದೆ.